ತೀವ್ರ ಬೆಳಕಿನ ಮುಂದೆ ವರ್ಣಕದ ಅಣು

ಬಣ್ಣ ಬೆರೆಸಿದ ನೀರನ್ನು ಗಾಜಿನ ಪಾತ್ರೆಯಲ್ಲಿ ತುಂಬಿ ಬೆಳಕಿಗೆ ಹಿಡಿದಾಗ ಬೆಳಕಿನ ಒಂದು ಪಾಲನ್ನು ಬಣ್ಣದ ಅಣುಗಳು ಹೀರಿಕೊಳ್ಳುತ್ತವೆ. ಉಳಿದ ಪಾಲು ಆಚೆಗೆ ಬರುತ್ತದೆ. ಆಚೆಗೆ ಬರುವ ಪಾಲು ಎಷ್ಟೆಂದು ತಿಳಿಸುವ ನಿಯಮವು ಭೌತವಿಜ್ಞಾನದ ಹಳೆಯ ನಿಯಮಗಳಲ್ಲಿ ಒಂದಾಗಿದೆ. ಫ್ರಾನ್ಸಿನ ಪಿಯೆರ್ ಬೂಗೆ 1729ರಲ್ಲಿಯೂ ಯೋಹಾನ್ ಲ್ಯಾಂಬರ್ಟ್ 1760ರಲ್ಲಿಯೂ ದ್ರವ್ಯದ ದಪ್ಪಕ್ಕೂ ಹೀರಿಕೆಗೂ ಇರುವ ಸಂಬಂಧವನ್ನು ತಿಳಿಸಿದರು. ಜರ್ಮನಿಯ ಔಗುಸ್ಟ್ ಬಿಯರ್ 1852ರಲ್ಲಿ ದ್ರಾವಣದ ಸಾರತೆಯನ್ನು ಅದಕ್ಕೆ ಸೇರಿಸಿದನು. ಒಂದು ಸೆಂಟಿಮೀಟರು ದಪ್ಪದ ದ್ರಾವಣವು ಬಂದ ಬೆಳಕಿನಲ್ಲಿ ಹತ್ತನೆಯ ಒಂದು ಪಾಲನ್ನು ಹೊರಬಿಡುವುದಾದರೆ ಅದೇ ದ್ರಾವಣವು ಎರಡು ಸೆಂಟಿಮೀಟರು ದಪ್ಪವಿದ್ದಾಗ ನೂರನೆಯ ಒಂದು ಪಾಲನ್ನೂ, ಮೂರು ಸೆಂಟಿಮೀಟರು ಇದ್ದಾಗ ಸಾವಿರದ ಒಂದು ಪಾಲನ್ನೂ ಹೊರಬಿಡುತ್ತದೆ. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಲ್ಯಾಂಬರ್ಟ್-ಬಿಯರ್ ನಿಯಮವೆಂದು ಕಲಿಸುವುದು ಇದನ್ನೇ.

ಈ ನಿಯಮದಲ್ಲಿ ಬಾಯಿಬಿಟ್ಟು ಹೇಳದ ಒಂದು ಷರತ್ತು ಅಡಗಿದೆ. ಮೇಣದ ಬತ್ತಿಯ ಬೆಳಕಾಗಲಿ ಮಧ್ಯಾಹ್ನದ ಬಿಸಿಲಾಗಲಿ ಹೊರಬರುವ ಪಾಲು ಒಂದೇ ಆಗಿರುತ್ತದೆ, ಬೆಳಕಿನ ತೀವ್ರತೆಗೂ ಆ ಪಾಲಿಗೂ ಸಂಬಂಧವಿಲ್ಲ ಎಂಬುದೇ ಆ ಷರತ್ತು. ಇನ್ನೂರು ವರ್ಷಗಳ ಕಾಲ ಅದನ್ನು ಸಂಶಯಿಸುವ ಪ್ರಮೇಯ ಬಹುಮಟ್ಟಿಗೆ ಯಾರಿಗೂ ಬರಲಿಲ್ಲ. 1960ರ ಮೇ 16ರಂದು ಅಮೆರಿಕದ ಥಿಯೊಡೋರ್ ಮೇಮನ್ ಮಾಣಿಕ್ಯದ ಲೇಸರನ್ನು ಬೆಳಗಿಸಿದ ಮೇಲೆ ಸ್ಥಿತಿ ಬದಲಾಯಿತು. ಅತಿ ತೀವ್ರವಾದ ಬೆಳಕನ್ನು ಎದುರಿಸಿದಾಗ ಕೆಲವು ವರ್ಣಕಗಳು ತಿಳಿಯಾಗುತ್ತವೆ, ಕೆಲವು ಇನ್ನಷ್ಟು ಕಪ್ಪಾಗುತ್ತವೆ, ಮತ್ತೆ ಕೆಲವು ತಾವು ಎಂದೂ ಹೀರದ ಬಣ್ಣದ ಬೆಳಕನ್ನು ಹೀರತೊಡಗುತ್ತವೆ. ಇವನ್ನೆಲ್ಲ ಒಟ್ಟಾಗಿ ಅರೇಖೀಯ ಹೀರಿಕೆ ಎನ್ನುತ್ತಾರೆ. ಬೆಳಕನ್ನು ಎರಡರಷ್ಟು ಮಾಡಿದರೆ ಹೀರಿಕೆಯೂ ಎರಡರಷ್ಟಾಗುವ ಸರಳರೇಖೆಯ ಲೆಕ್ಕ ಇಲ್ಲಿ ಮುರಿದುಬೀಳುವುದರಿಂದ ಈ ಹೆಸರು.

ಪರಿಭಾಷೆಯ ಬಗ್ಗೆ ಒಂದು ಮಾತು. ಕೆಲವು ಪಠ್ಯಗಳಲ್ಲಿ ಹೀರಿಕೆಗೆ ಶೋಷಣೆ ಎಂಬ ಪದವನ್ನು ಬಳಸಿರುವುದುಂಟು. ವ್ಯುತ್ಪತ್ತಿಯ ದೃಷ್ಟಿಯಿಂದ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಂದಿನ ಕನ್ನಡದಲ್ಲಿ ಆ ಪದವು ಕೂಲಿಕಾರರನ್ನೂ ಅವರ ಮಾಲೀಕರನ್ನೂ ನೆನಪಿಗೆ ತರುವುದರಿಂದ ಇಲ್ಲಿ ಹೀರಿಕೆ ಎಂಬ ದೇಸಿ ಮಾತನ್ನೇ ಉಳಿಸಿಕೊಂಡಿದೆ.

ನಿಯಮ ಏಕೆ ನಡೆಯುತ್ತದೆ, ಏಕೆ ಮುರಿಯುತ್ತದೆ

ರೋಡಮೀನ್ 6ಜಿ ಎಂಬ ಕೆಂಪು-ಕಿತ್ತಳೆ ವರ್ಣಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದು 530 ನ್ಯಾನೊಮೀಟರು ತರಂಗದೂರದ ಆಸುಪಾಸಿನ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಒಂದು ಫೋಟಾನನ್ನು ಹೀರಿದ ಅಣು ಉದ್ರಿಕ್ತ ಸ್ಥಿತಿಗೆ ಏರಿ, ಅಲ್ಲಿ ಸರಾಸರಿ 4 ನ್ಯಾನೊಸೆಕೆಂಡು, ಅಂದರೆ ಸೆಕೆಂಡಿನ ನೂರು ಕೋಟಿಯ ನಾಲ್ಕು ಭಾಗದಷ್ಟು ಕಾಲವಿದ್ದು, ಹಳದಿ ಬೆಳಕನ್ನು ಸೂಸಿ ಕೆಳಗಿಳಿಯುತ್ತದೆ. ಪ್ರಖರವಾದ ಬಿಸಿಲಿನಲ್ಲಿ ಇಂತಹ ಒಂದು ಅಣುವು ಸೆಕೆಂಡಿಗೆ ಕೆಲವೇ ಬಾರಿ ಫೋಟಾನನ್ನು ಹೀರುತ್ತದೆ. ಐದು ಬಾರಿ ಎಂದಿಟ್ಟುಕೊಂಡರೆ ಎರಡು ಹೀರಿಕೆಗಳ ನಡುವಿನ ಬಿಡುವು ಸೆಕೆಂಡಿನ ಐದನೆಯ ಒಂದು ಭಾಗ. ಅಣುವಿಗೆ ಕೆಲಸವಿರುವ ಕಾಲ ಅದರ ಐದು ಕೋಟಿಯ ಒಂದು ಭಾಗ. ರೈಲು ನಿಲ್ದಾಣದ ಟಿಕೆಟ್ ಕಿಟಕಿಗೆ ಇದನ್ನು ಹೋಲಿಸಬಹುದು. ಗುಮಾಸ್ತನು ಒಂದು ಟಿಕೆಟ್ ಕೊಡಲು ಒಂದು ನಿಮಿಷ ತೆಗೆದುಕೊಳ್ಳುತ್ತಾನೆ, ಮುಂದಿನ ಪ್ರಯಾಣಿಕ ಬರುವುದು ಹೆಚ್ಚುಕಡಿಮೆ 95 ವರ್ಷಗಳ ಮೇಲೆ. ಹೀಗಿರುವಾಗ ಪ್ರಯಾಣಿಕರ ಸಂಖ್ಯೆ ಹತ್ತರಷ್ಟಾದರೂ ನೂರರಷ್ಟಾದರೂ ಯಾರೂ ಸಾಲಿನಲ್ಲಿ ನಿಲ್ಲಬೇಕಾಗುವುದಿಲ್ಲ. ಲ್ಯಾಂಬರ್ಟ್-ಬಿಯರ್ ನಿಯಮ ನಿತ್ಯಜೀವನದಲ್ಲಿ ತಪ್ಪದೆ ನಡೆಯುವುದಕ್ಕೆ ಕಾರಣ ಈ ಅಪಾರವಾದ ಬಿಡುವು.

ಲೇಸರಿನ ಮುಂದೆ ಬಿಡುವು ಇರುವುದಿಲ್ಲ. ರೋಡಮೀನಿನ ಮಟ್ಟಿಗೆ ಲೆಕ್ಕ ಹಾಕಿದರೆ, ಬೆಳಕಿನ ತೀವ್ರತೆ ಚದರ ಸೆಂಟಿಮೀಟರಿಗೆ ಸುಮಾರು ಎರಡು ಲಕ್ಷ ವ್ಯಾಟ್ ಆದಾಗ ಒಂದು ಫೋಟಾನಿನ ಕೆಲಸ ಮುಗಿಯುವ ಹೊತ್ತಿಗೆ ಇನ್ನೊಂದು ಬಂದು ನಿಂತಿರುತ್ತದೆ. ಇದು ದೊಡ್ಡ ಸಂಖ್ಯೆಯಂತೆ ಕಂಡರೂ ಸಾಧಾರಣ ಲೇಸರಿಗೆ ಏನೂ ಅಲ್ಲ. ಕೇವಲ ಒಂದು ಮಿಲಿಜೂಲ್ ಶಕ್ತಿಯನ್ನು 5 ನ್ಯಾನೊಸೆಕೆಂಡಿನ ಮಿಡಿತದಲ್ಲಿ ಅಡಕಿ, ಮಸೂರದ ಮೂಲಕ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಅಗಲದ ಚುಕ್ಕೆಗೆ ಇಳಿಸಿದರೆ ತೀವ್ರತೆಯು ಚದರ ಸೆಂಟಿಮೀಟರಿಗೆ 250 ಕೋಟಿ ವ್ಯಾಟನ್ನು ಮುಟ್ಟುತ್ತದೆ. ಮೇಲೆ ಹೇಳಿದ ಮಿತಿಗಿಂತ ಅದು ಹತ್ತು ಸಾವಿರ ಪಟ್ಟಿಗೂ ಹೆಚ್ಚು.

ಅಣುವಿನ ಅಂತಸ್ತುಗಳು

ಮುಂದಿನ ವಿಷಯಕ್ಕೆ ಅಣುವಿನ ಒಳಗಿನ ನಕ್ಷೆ ಬೇಕಾಗುತ್ತದೆ. ಸಾವಯವ ವರ್ಣಕಗಳಲ್ಲಿ ಇಂಗಾಲದ ಪರಮಾಣುಗಳ ನಡುವೆ ಏಕಬಂಧ, ದ್ವಿಬಂಧಗಳು ಒಂದರ ಮೇಲೊಂದರಂತೆ ಬರುತ್ತವೆ. ಈ ಸರಪಳಿಯಲ್ಲಿ ಕೆಲವು ಎಲೆಕ್ಟ್ರಾನುಗಳು ಯಾವುದೊಂದು ಪರಮಾಣುವಿಗೂ ಕಟ್ಟುಬೀಳದೆ ಇಡೀ ಅಣುವಿನಲ್ಲಿ ಹರಡಿಕೊಂಡಿರುತ್ತವೆ. ಅವುಗಳನ್ನು ಮೇಲಿನ ಶಕ್ತಿಮಟ್ಟಕ್ಕೆ ಏರಿಸಲು ಕಣ್ಣಿಗೆ ಕಾಣುವ ಬೆಳಕಿನ ಫೋಟಾನು ಸಾಕಾಗುತ್ತದೆ. 1856ರಲ್ಲಿ ಹದಿನೆಂಟು ವಯಸ್ಸಿನ ವಿಲಿಯಂ ಪರ್ಕಿನ್ ಲಂಡನ್ನಿನಲ್ಲಿ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣವನ್ನು ಪಡೆದಂದಿನಿಂದ ಬೆಳೆದ ವರ್ಣಕ ಉದ್ಯಮದ ಬಹುಭಾಗ ಈ ಹರಡಿದ ಎಲೆಕ್ಟ್ರಾನುಗಳ ಕೊಡುಗೆಯಾಗಿದೆ.

ಶಕ್ತಿಮಟ್ಟಗಳನ್ನು ಮೆಟ್ಟಿಲಿನಂತೆ ಬರೆದು ತೋರಿಸುವ ಪದ್ಧತಿಗೆ ಪೋಲೆಂಡಿನ ಭೌತವಿಜ್ಞಾನಿ ಅಲೆಕ್ಸಾಂಡರ್ ಯಾಬ್ಲೊನ್ಸ್ಕಿಯ ಹೆಸರಿದೆ. ಕೆಳಗೆ ನೆಲಮಟ್ಟ. ಅದರ ಮೇಲೆ ಮೊದಲನೆಯ ಉದ್ರಿಕ್ತ ಮಟ್ಟ, ಅದಕ್ಕೂ ಮೇಲೆ ಎರಡನೆಯದು, ಮೂರನೆಯದು, ಹೀಗೆ. ಇವುಗಳಲ್ಲಿ ಎಲೆಕ್ಟ್ರಾನುಗಳ ಗಿರಕಿಗಳು ಜೋಡಿಯಾಗಿ ಒಂದನ್ನೊಂದು ರದ್ದುಮಾಡಿಕೊಂಡಿರುವುದರಿಂದ ಇವುಗಳಿಗೆ ಏಕಕ ಮಟ್ಟಗಳೆಂದು ಹೆಸರು. ಪಕ್ಕದಲ್ಲಿ ತುಸು ತಗ್ಗಿನಲ್ಲಿ ಇನ್ನೊಂದು ಸಾಲು ಮೆಟ್ಟಿಲುಗಳಿವೆ. ಅಲ್ಲಿ ಎರಡು ಗಿರಕಿಗಳೂ ಒಂದೇ ದಿಕ್ಕಿಗಿದ್ದು, ಅವು ತ್ರಿಕ ಮಟ್ಟಗಳೆನಿಸುತ್ತವೆ. ಒಮ್ಮೆ ತ್ರಿಕ ಮಟ್ಟಕ್ಕೆ ಜಾರಿದ ಅಣು ನೆಲಕ್ಕೆ ಇಳಿಯುವುದು ಸುಲಭವಲ್ಲ, ಏಕೆಂದರೆ ಗಿರಕಿಯನ್ನು ತಿರುಗಿಸದೆ ಇಳಿಯಲಾಗದು. ಬೆಳಕನ್ನು ಆರಿಸಿದ ಮೇಲೂ ಕೆಲವು ವಸ್ತುಗಳು ಬಹಳ ಹೊತ್ತು ಮಿನುಗುವುದಕ್ಕೆ ಈ ತ್ರಿಕ ಮಟ್ಟವೇ ಕಾರಣವೆಂದು ಗಿಲ್ಬರ್ಟ್ ಲ್ಯೂಯಿಸ್ ಮತ್ತು ಮೈಕೇಲ್ ಕಾಷಾ 1944ರಲ್ಲಿ ವಾದಿಸಿದರು.

ಈ ಅಂತಸ್ತುಗಳಲ್ಲಿ ಅಣು ತಂಗುವ ಕಾಲಾವಧಿಗಳು ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಷ್ಟು ಭಿನ್ನವಾಗಿವೆ. ಮೇಲಿನ ಏಕಕ ಮಟ್ಟಗಳಿಂದ ಮೊದಲನೆಯ ಮಟ್ಟಕ್ಕೆ ಬೀಳುವುದು ಸಾಮಾನ್ಯವಾಗಿ ನೂರಾರು ಫೆಮ್ಟೋಸೆಕೆಂಡುಗಳ ಅಥವಾ ಅದಕ್ಕೂ ಕಡಿಮೆ ಕಾಲದ ಕೆಲಸ. ಒಂದು ಫೆಮ್ಟೋಸೆಕೆಂಡು ಎಂದರೆ ಸೆಕೆಂಡಿನ ಕೋಟಿಯಲ್ಲಿ ಹತ್ತು ಕೋಟಿಯ ಒಂದು ಭಾಗ. ಫೆಮ್ಟೋಸೆಕೆಂಡಿಗೆ ಸೆಕೆಂಡು ಹೇಗೋ ಸೆಕೆಂಡಿಗೆ ಮೂರು ಕೋಟಿ ವರ್ಷಗಳು ಹಾಗೆ. ಮೊದಲನೆಯ ಏಕಕ ಮಟ್ಟದಲ್ಲಿ ಅಣು ನ್ಯಾನೊಸೆಕೆಂಡುಗಳ ಕಾಲ ನಿಲ್ಲಬಹುದು. ತ್ರಿಕದಲ್ಲಿ ಮೈಕ್ರೊಸೆಕೆಂಡಿನಿಂದ ಮಿಲಿಸೆಕೆಂಡಿನವರೆಗೂ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿಯೂ ಸಿಕ್ಕಿಕೊಳ್ಳಬಹುದು. ಎಲ್ಲಿಗೆ ಏರಿಸಿದರೂ ಅಣುವು ಮೊದಲನೆಯ ಮಟ್ಟಕ್ಕೆ ಬಿದ್ದ ಮೇಲೆಯೇ ಬೆಳಕು ಸೂಸುತ್ತದೆಂಬ 1950ರ ಕಾಷಾ ನಿಯಮವು ಈ ಅಂತರದಿಂದ ಹುಟ್ಟಿದ್ದು. ನಿಯಮಕ್ಕೆ ಅಪವಾದವೂ ಇದೆ: ಅಜುಲೀನ್ ಎಂಬ ಸುಂದರ ನೀಲಿ ಸಂಯುಕ್ತವು ಎರಡನೆಯ ಮಟ್ಟದಿಂದಲೇ ಬೆಳಕನ್ನು ಸೂಸುತ್ತದೆ.

ಬೆಳಕು ಹೆಚ್ಚಿದಂತೆ ತಿಳಿಯಾಗುವ ದ್ರಾವಣ

ಹೆಚ್ಚಿನ ಅಣುಗಳು ಮೇಲಿನ ಅಂತಸ್ತಿನಲ್ಲಿ ಸಿಕ್ಕಿಕೊಂಡರೆ ನೆಲಮಟ್ಟದಲ್ಲಿ ಹೀರಲು ಯಾರೂ ಉಳಿಯುವುದಿಲ್ಲ. ಆಗ ಬೆಳಕು ತಡೆಯಿಲ್ಲದೆ ದಾಟಿಹೋಗುತ್ತದೆ, ಗಾಢವಾದ ದ್ರಾವಣವು ಒಂದು ಕ್ಷಣ ತಿಳಿಯಾಗುತ್ತದೆ. ಇದು ಪರ್ಯಾಪ್ತ ಹೀರಿಕೆ. ಲೇಸರಿನ ಒಳಗೆ ಇಂತಹ ದ್ರಾವಣವನ್ನು ಇಟ್ಟರೆ ಅದು ತಾನಾಗಿ ತೆರೆದು ಮುಚ್ಚುವ ಬಾಗಿಲಿನಂತೆ ವರ್ತಿಸುತ್ತದೆ. ಮಂದ ಬೆಳಕನ್ನು ತಡೆದು, ತೀವ್ರ ಬೆಳಕಿಗೆ ಮಾತ್ರ ದಾರಿ ಕೊಡುತ್ತದೆ. 1964ರಿಂದ ಮಾಣಿಕ್ಯ ಲೇಸರುಗಳಲ್ಲಿ ದೈತ್ಯ ಮಿಡಿತಗಳನ್ನು ಪಡೆಯಲು ಥಾಲೋಸಯನೀನ್, ಸಯನೀನ್ ವರ್ಣಕಗಳನ್ನು ಬಳಸತೊಡಗಿದರು. ಇಂತಹ ಪ್ರಯೋಗಗಳ ದಾರಿಯಲ್ಲಿಯೇ 1966ರಲ್ಲಿ ಅಮೆರಿಕದಲ್ಲಿ ಪೀಟರ್ ಸೊರೊಕಿನ್ ಮತ್ತು ಜಾನ್ ಲ್ಯಾಂಕರ್ಡ್, ಜರ್ಮನಿಯಲ್ಲಿ ಫ್ರಿಟ್ಸ್ ಶೇಫರ್ ಸ್ವತಂತ್ರವಾಗಿ ವರ್ಣಕ ಲೇಸರನ್ನು ಕಂಡುಕೊಂಡರು. ಬಾಗಿಲಾಗಿದ್ದ ವಸ್ತು ದೀಪವೂ ಆಯಿತು.

1981ರಲ್ಲಿ ಬೆಲ್ ಪ್ರಯೋಗಾಲಯದ ಫೋರ್ಕ್, ಗ್ರೀನ್ ಮತ್ತು ಶ್ಯಾಂಕ್ ಅವರು ರೋಡಮೀನ್ 6ಜಿಯನ್ನು ದೀಪವಾಗಿಯೂ ಸಯನೀನ್ ಜಾತಿಯ ಇನ್ನೊಂದು ವರ್ಣಕವನ್ನು ಬಾಗಿಲಾಗಿಯೂ ಬಳಸಿ 100 ಫೆಮ್ಟೋಸೆಕೆಂಡಿಗಿಂತ ಕಡಿಮೆ ಅವಧಿಯ ಮಿಡಿತಗಳನ್ನು ಪಡೆದರು. ಎದುರುಬದುರಾಗಿ ಬರುವ ಎರಡು ಮಿಡಿತಗಳು ಬಾಗಿಲಿನಲ್ಲಿ ಸಂಧಿಸುವಂತೆ ಮಾಡಿದ್ದು ಅವರ ಜಾಣ್ಮೆಯಾಗಿತ್ತು. 1991ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಟೈಟೇನಿಯಂ ಬೆರೆತ ನೀಲಮಣಿಯ ಲೇಸರಿನಿಂದ ಫೆಮ್ಟೋಸೆಕೆಂಡು ಮಿಡಿತಗಳು ಬಂದ ಮೇಲೆ ದ್ರವವನ್ನು ಚಿಮ್ಮಿಸುವ ಆ ರಗಳೆಯ ಯಂತ್ರಗಳು ಬಹುತೇಕ ಮೂಲೆ ಸೇರಿದವು. ವರ್ಣಕಗಳು ಯಂತ್ರದಿಂದ ಹೊರಬಂದು ಪರೀಕ್ಷಿಸಲ್ಪಡುವ ವಸ್ತುಗಳಾದವು.

ಬೆಳಕು ಹೆಚ್ಚಿದಂತೆ ಕಪ್ಪಾಗುವ ದ್ರಾವಣ

1967ರಲ್ಲಿ ಗಿಲಿಯಾನೊ ಮತ್ತು ಹೆಸ್ ಎಂಬ ಇಬ್ಬರು ಸಂಶೋಧಕರು ತೀವ್ರ ಲೇಸರ್ ಬೆಳಕಿನಲ್ಲಿ ವರ್ಣಕಗಳು ಪರ್ಯಾಪ್ತವಾಗುವುದನ್ನು ಅಳೆಯುತ್ತಿದ್ದಾಗ, ಬಟ್ಟೆಗೆ ಹಾಕುವ ಕೆಲವು ಬಣ್ಣಗಳು ತಿಳಿಯಾಗುವ ಬದಲು ಇನ್ನಷ್ಟು ಗಾಢವಾದುದನ್ನು ವರದಿ ಮಾಡಿದರು. ಕಾರಣ ಸರಳವಾಗಿದೆ. ಮೊದಲನೆಯ ಅಂತಸ್ತಿಗೆ ಏರಿದ ಅಣುವೂ ಸುಮ್ಮನಿರುವುದಿಲ್ಲ, ಅದು ಅಲ್ಲಿಂದ ಇನ್ನೊಂದು ಫೋಟಾನನ್ನು ಹೀರಿ ಮತ್ತೂ ಮೇಲಕ್ಕೆ ಹಾರಬಲ್ಲುದು. ನೆಲದಲ್ಲಿರುವ ಅಣುವಿಗಿಂತ ಮೇಲಿರುವ ಅಣುವಿಗೆ ಹಸಿವು ಹೆಚ್ಚಾಗಿದ್ದರೆ, ಬೆಳಕು ಹೆಚ್ಚಿದಂತೆ ಹಸಿದವರ ಸಂಖ್ಯೆಯೇ ಹೆಚ್ಚುತ್ತದೆ. ಇದನ್ನು ವಿಲೋಮ ಪರ್ಯಾಪ್ತ ಹೀರಿಕೆ ಎನ್ನುವರು.

ಥಾಲೋಸಯನೀನ್ ಇದಕ್ಕೆ ಒಳ್ಳೆಯ ನಿದರ್ಶನ. ಇದರ ತಾಮ್ರ ಸಂಯುಕ್ತವು ಮುದ್ರಣಾಲಯದ ನೀಲಿ ಶಾಯಿಯಲ್ಲಿದೆ. ಥಾಲೋಸಯನೀನ್ ಕೆಂಪನ್ನೂ ಅತಿನೇರಳೆಯ ಸಮೀಪದ ಬೆಳಕನ್ನೂ ಬಲವಾಗಿ ಹೀರುತ್ತದೆ. ನಡುವಣ ಹಸಿರಿಗೆ ಕಿಟಕಿ ತೆರೆದಿರುತ್ತದೆ. ಉದ್ರಿಕ್ತ ಸ್ಥಿತಿಯಲ್ಲಿ ಆ ಕಿಟಕಿಯೇ ಮುಚ್ಚಿಕೊಳ್ಳುತ್ತದೆ. 532 ನ್ಯಾನೊಮೀಟರಿನ ಹಸಿರು ಲೇಸರು ಮಂದವಾಗಿದ್ದಾಗ ದಾಟಿಹೋಗಿ, ತೀವ್ರವಾದಾಗ ತಡೆಯಲ್ಪಡುತ್ತದೆ. ನ್ಯಾನೊಸೆಕೆಂಡು ಮಿಡಿತದಲ್ಲಿ ಅಣುಗಳು ತ್ರಿಕಕ್ಕೆ ಜಾರಲು ಸ್ವಲ್ಪ ಸಮಯ ಸಿಗುತ್ತದೆ, ಆ ತ್ರಿಕವೂ ಹಸಿರನ್ನು ಹೀರುತ್ತದೆ. ಫೆಮ್ಟೋಸೆಕೆಂಡು ಮಿಡಿತದಲ್ಲಿ ತ್ರಿಕದ ಪಾತ್ರ ಆರಂಭವಾಗುವ ಮುನ್ನವೇ ನಾಟಕ ಮುಗಿದಿರುತ್ತದೆ. ಒಂದೇ ಸೀಸೆಯ ದ್ರಾವಣವು ಎರಡು ಲೇಸರುಗಳ ಮುಂದೆ ಎರಡು ವಸ್ತುಗಳಂತೆ ತೋರುವುದು ಹೀಗೆ.

ಎರಡು ಫೋಟಾನುಗಳನ್ನು ಒಟ್ಟಿಗೆ ಹೀರುವುದು

ಮೂರನೆಯ ಬಗೆಯ ಹೀರಿಕೆಯನ್ನು ಲೇಸರು ಹುಟ್ಟುವುದಕ್ಕೆ ಮೂವತ್ತು ವರ್ಷ ಮೊದಲೇ ಒಬ್ಬ ವಿದ್ಯಾರ್ಥಿನಿ ಕಾಗದದ ಮೇಲೆ ಕಂಡಿದ್ದಳು. ಗಟಿಂಗೆನ್ನಿನ ಮರಿಯಾ ಗೆಪರ್ಟ್ ಮೇಯರ್ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ, ಅರೆಬರೆ ಶಕ್ತಿಯುಳ್ಳ ಎರಡು ಫೋಟಾನುಗಳು ಒಂದೇ ಕ್ಷಣದಲ್ಲಿ ಸೇರಿ ಪರಮಾಣುವನ್ನು ಮೇಲೇರಿಸಬಲ್ಲವು ಎಂದು ತೋರಿಸಿ 1931ರಲ್ಲಿ ಅದನ್ನು ವಿವರವಾಗಿ ಪ್ರಕಟಿಸಿದರು. ನಡುವೆ ಕಾಲೂರಲು ಮೆಟ್ಟಿಲಿಲ್ಲ. ಮೊದಲ ಫೋಟಾನು ಬಂದು ಒಂದು ಫೆಮ್ಟೋಸೆಕೆಂಡಿಗೂ ಕಡಿಮೆ ಕಾಲದೊಳಗೆ ಎರಡನೆಯದು ಬಾರದಿದ್ದರೆ ಕೆಲಸ ಕೆಡುತ್ತದೆ. ಆದುದರಿಂದ ಈ ಹೀರಿಕೆಯು ತೀವ್ರತೆಯ ವರ್ಗಕ್ಕೆ ಅನುಗುಣವಾಗಿರುತ್ತದೆ: ತೀವ್ರತೆ ಹತ್ತರಷ್ಟಾದರೆ ಹೀರಿಕೆ ನೂರರಷ್ಟು. ಬಿಸಿಲಿನಲ್ಲಿಟ್ಟ ರೋಡಮೀನ್ ಬಿ ಅಣುವು ಒಂಟಿ ಫೋಟಾನನ್ನು ಸೆಕೆಂಡಿಗೊಮ್ಮೆ ಹೀರಿದರೆ ಜೋಡಿ ಫೋಟಾನನ್ನು ಒಂದು ಕೋಟಿ ವರ್ಷಕ್ಕೊಮ್ಮೆ ಹೀರುತ್ತದೆ ಎಂಬ ಅಂದಾಜನ್ನು 1997ರಲ್ಲಿ ಡೆಂಕ್ ಮತ್ತು ಸ್ವೊಬೊದಾ ಕೊಟ್ಟಿದ್ದಾರೆ. 1961ರಲ್ಲಿ ಕೈಸರ್ ಮತ್ತು ಗ್ಯಾರೆಟ್ ಮಾಣಿಕ್ಯ ಲೇಸರಿನಿಂದ ಈ ಹೀರಿಕೆಯನ್ನು ಒಂದು ಹರಳಿನಲ್ಲಿ ಮೊದಲ ಬಾರಿಗೆ ತೋರಿಸಿದರು. ಗೆಪರ್ಟ್ ಮೇಯರ್ ಅವರಿಗೆ 1963ರಲ್ಲಿ ನೊಬೆಲ್ ಬಹುಮಾನ ಬಂದುದು ಪರಮಾಣು ಬೀಜದ ಕುರಿತ ಬೇರೆಯ ಕೆಲಸಕ್ಕಾಗಿ. ಆದರೂ ಜೋಡಿ ಹೀರಿಕೆಯ ಅಳತೆಯ ಮಾನಕ್ಕೆ ಗೆಪರ್ಟ್-ಮೇಯರ್ ಎಂದೇ ಹೆಸರಾಗಿದೆ. ಸಾಮಾನ್ಯ ವರ್ಣಕಗಳಲ್ಲಿ ಈ ಸಂಖ್ಯೆ ಹತ್ತಾರರಿಂದ ಕೆಲವು ನೂರರವರೆಗೆ ಇರುತ್ತದೆ. ಎಲೆಕ್ಟ್ರಾನು ನೀಡುವ ಗುಂಪುಗಳನ್ನು ಸರಪಳಿಯ ಎರಡೂ ತುದಿಗಳಿಗೆ ಜೋಡಿಸಿ ಸಾವಿರವನ್ನು ಮೀರಿದ ಅಣುಗಳನ್ನು 1998ರಲ್ಲಿ ರಚಿಸಿ ತೋರಿಸಲಾಯಿತು.

ವರ್ಗದ ಲೆಕ್ಕದಿಂದ ಒಂದು ಮಹತ್ತರ ಲಾಭವುಂಟು. ಮಸೂರದಿಂದ ಕೂಡಿಸಿದ ಕಿರಣದಲ್ಲಿ ತೀವ್ರತೆಯು ನಾಭಿಯಲ್ಲಿ ಮಾತ್ರ ಸಾಕಷ್ಟಿರುತ್ತದೆ; ಹೀರಿಕೆಯೂ ಆ ಒಂದು ಬಿಂದುವಿನಲ್ಲಿ ಮಾತ್ರ. 1990ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಡೆಂಕ್, ಸ್ಟ್ರಿಕ್ಲರ್ ಮತ್ತು ವೆಬ್ ಇದನ್ನೇ ಆಧರಿಸಿ ಸೂಕ್ಷ್ಮದರ್ಶಕವೊಂದನ್ನು ರಚಿಸಿದರು. ಅಂಗಾಂಶದೊಳಗೆ ಆಳವಾಗಿ ಇಳಿಯಬಲ್ಲ ಅವಕೆಂಪು ಬೆಳಕಿನಿಂದ, ಸುತ್ತಣ ಭಾಗಕ್ಕೆ ಹೆಚ್ಚು ಹಾನಿಯಾಗದಂತೆ, ಜೀವಂತ ಪ್ರಾಣಿಯ ಮಿದುಳಿನ ನರಕೋಶಗಳನ್ನು ನೋಡುವುದು ಇದರಿಂದ ಸಾಧ್ಯವಾಗಿದೆ. 2001ರಲ್ಲಿ ಜಪಾನಿನ ಒಸಾಕದಲ್ಲಿ ಇದೇ ತತ್ವದಿಂದ ರಾಳವನ್ನು ಬಿಂದುಬಿಂದುವಾಗಿ ಗಟ್ಟಿಗೊಳಿಸಿ, ಕೆಂಪು ರಕ್ತಕಣದಷ್ಟು ಗಾತ್ರದ ಒಂದು ಗೂಳಿಯ ಮೂರ್ತಿಯನ್ನು ಕಡೆದರು.

ರೋಡಮೀನ್ ಬಿ ಹೆಸರನ್ನು ಓದುಗರು ಬೇರೆ ಸಂದರ್ಭದಲ್ಲಿ ಕೇಳಿರಬಹುದು. ಸಕ್ಕರೆಯ ಬೊಂಬಾಯಿ ಮಿಠಾಯಿಗೆ ಗುಲಾಬಿ ಬಣ್ಣ ಬರಲೆಂದು ಇದನ್ನು ಬೆರೆಸುತ್ತಿದ್ದುದು ಪರೀಕ್ಷೆಯಲ್ಲಿ ಕಂಡುಬಂದು, 2024ರ ಫೆಬ್ರವರಿಯಲ್ಲಿ ತಮಿಳುನಾಡೂ ಮಾರ್ಚಿಯಲ್ಲಿ ಕರ್ನಾಟಕವೂ ನಿಷೇಧದ ಆಜ್ಞೆಗಳನ್ನು ಹೊರಡಿಸಿದವು. ಪ್ರಯೋಗಾಲಯದ ಸೀಸೆಯಲ್ಲಿ ಬೆಲೆಬಾಳುವ ಈ ಅಣುವಿಗೆ ತಿಂಡಿಯ ತಟ್ಟೆಯಲ್ಲಿ ಸ್ಥಾನವಿಲ್ಲ.

ಅಳತೆ ಮತ್ತು ಅದರಲ್ಲಿರುವ ಮೋಸ

ಮೂರು ಬಗೆಯ ಹೀರಿಕೆಗಳನ್ನೂ ಒಂದೇ ಮೇಜಿನ ಮೇಲೆ ಅಳೆಯುವ ಸರಳ ವಿಧಾನವನ್ನು ಫ್ಲಾರಿಡಾದ ಶೇಖ್ ಬಹಾಯಿ, ಸಯೀದ್ ಮತ್ತು ವಾನ್ ಸ್ಟ್ರೈಲ್ಯಾಂಡ್ 1989ರಲ್ಲಿ ಪ್ರಕಟಿಸಿದರು. ಇದಕ್ಕೆ ಜೆಡ್-ಸ್ಕ್ಯಾನ್ ಎಂದು ಹೆಸರು. ಲೇಸರ್ ಕಿರಣವನ್ನು ಮಸೂರದಿಂದ ಕೂಡಿಸಿ, ದ್ರಾವಣದ ತೆಳುವಾದ ಕೋಶವನ್ನು ಕಿರಣದ ಉದ್ದಕ್ಕೂ ನಾಭಿಯ ಈಚೆಯಿಂದ ಆಚೆಗೆ ಮೆಲ್ಲಗೆ ಸರಿಸುತ್ತಾರೆ. ಲೇಸರನ್ನು ಮುಟ್ಟದೆಯೇ ತೀವ್ರತೆ ಏರಿ ಇಳಿಯುತ್ತದೆ. ಹೊರಬರುವ ಬೆಳಕನ್ನು ಗುರುತಿಸುತ್ತಾ ಹೋದರೆ, ಪರ್ಯಾಪ್ತ ಹೀರಿಕೆಯಲ್ಲಿ ನಡುವೆ ದಿಬ್ಬವೂ ವಿಲೋಮ ಹೀರಿಕೆ ಅಥವಾ ಜೋಡಿ ಹೀರಿಕೆಯಲ್ಲಿ ನಡುವೆ ತಗ್ಗೂ ಮೂಡುತ್ತದೆ. ಇಷ್ಟು ಅಗ್ಗವಾಗಿ ಇಷ್ಟು ಮಾಹಿತಿ ಕೊಡುವ ಪ್ರಯೋಗಗಳು ವಿರಳ. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಇದು ಬಳಕೆಗೆ ಬಂದುದರಲ್ಲಿ ಆಶ್ಚರ್ಯವಿಲ್ಲ.

ತೊಂದರೆ ಇರುವುದು ಆ ತಗ್ಗನ್ನು ಅರ್ಥೈಸುವುದರಲ್ಲಿ. ಒಂದೇ ಕ್ಷಣದಲ್ಲಿ ಎರಡು ಫೋಟಾನುಗಳನ್ನು ಹೀರಿದರೂ, ಒಂದನ್ನು ಹೀರಿ ಮೊದಲ ಅಂತಸ್ತಿನಲ್ಲಿ ಕುಳಿತು ನಿಧಾನವಾಗಿ ಇನ್ನೊಂದನ್ನು ಹೀರಿದರೂ ತಗ್ಗು ನೋಡಲು ಒಂದೇ ತರಹ ಇರುತ್ತದೆ. ನ್ಯಾನೊಸೆಕೆಂಡು ಲೇಸರಿನಲ್ಲಿ ಎರಡನೆಯ ದಾರಿಗೆ ಧಾರಾಳವಾಗಿ ಸಮಯವಿದೆ. ಆದಕಾರಣ ಅಂತಹ ಲೇಸರಿನಿಂದ ಅಳೆದ ಜೋಡಿ ಹೀರಿಕೆಯ ಸಂಖ್ಯೆ, ಅದೇ ವರ್ಣಕವನ್ನು ಫೆಮ್ಟೋಸೆಕೆಂಡು ಲೇಸರಿನಿಂದ ಅಳೆದಾಗ ಸಿಗುವುದಕ್ಕಿಂತ ನೂರು ಪಟ್ಟು ಹೆಚ್ಚಾಗಿ ಬರುವುದುಂಟು. ಫೆಮ್ಟೋಸೆಕೆಂಡು ಲೇಸರಿನಲ್ಲಿಯೂ ನೆಮ್ಮದಿಯಿಲ್ಲ. ಸೆಕೆಂಡಿಗೆ ಎಂಟು ಕೋಟಿ ಮಿಡಿತಗಳನ್ನು ಹೊಡೆಯುವ ಯಂತ್ರದಲ್ಲಿ ಒಂದು ಮಿಡಿತದ ಶಾಖ ಆರುವ ಮುನ್ನ ಇನ್ನೊಂದು ಬಂದು ದ್ರಾವಣವು ಬಿಸಿಯಾಗುತ್ತದೆ, ಬಿಸಿಯಾದ ದ್ರಾವಣ ಮಸೂರದಂತೆ ಬೆಳಕನ್ನು ಹರಡುತ್ತದೆ, ಅದು ಅಣುವಿನ ಗುಣವೆಂದು ಲೆಕ್ಕಕ್ಕೆ ಸೇರುತ್ತದೆ. ಮಿಡಿತದ ಅವಧಿಯನ್ನೂ ಅವುಗಳ ನಡುವಿನ ಬಿಡುವನ್ನೂ ಹೇಳದೆ ಕೊಟ್ಟ ಸಂಖ್ಯೆಯನ್ನು ತೂಕದ ಕಲ್ಲನ್ನು ತೋರಿಸದೆ ತೂಗಿದ ಸರಕಿನಂತೆ ನೋಡಬೇಕಾಗುತ್ತದೆ.

ಬೇರ್ಪಡಿಸುವ ಉಪಾಯ ಇಲ್ಲದಿಲ್ಲ. ಮಿಡಿತದ ಒಟ್ಟು ಶಕ್ತಿಯನ್ನು ಹಾಗೆಯೇ ಇಟ್ಟು ಅದರ ಅವಧಿಯನ್ನು 100 ಫೆಮ್ಟೋಸೆಕೆಂಡಿನಿಂದ 1000ಕ್ಕೆ ಹಿಗ್ಗಿಸಿದರೆ ತೀವ್ರತೆ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನಿಜವಾದ ಜೋಡಿ ಹೀರಿಕೆಯಾದರೆ ತಗ್ಗು ಅದೇ ಪ್ರಮಾಣದಲ್ಲಿ ಆಳ ಕಳೆದುಕೊಳ್ಳುತ್ತದೆ. ಮೆಟ್ಟಿಲು ಮೆಟ್ಟಿಲಾದ ಹೀರಿಕೆಯಾದರೆ, ಉದ್ರಿಕ್ತ ಸ್ಥಿತಿಯ ಆಯಸ್ಸು ಮಿಡಿತಕ್ಕಿಂತ ದೀರ್ಘವಾಗಿರುವತನಕ, ಒಟ್ಟು ಎಷ್ಟು ಫೋಟಾನುಗಳು ಬಂದವು ಎಂಬುದು ಮಾತ್ರ ಮುಖ್ಯವಾದುದರಿಂದ ತಗ್ಗು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಕ್ಷಣವನ್ನು ಸೀಳಿ ನೋಡುವುದು

ಆಯಸ್ಸನ್ನು ನೇರವಾಗಿ ಅಳೆಯುವುದು ಇನ್ನೂ ಒಳ್ಳೆಯದು. 1949ರಲ್ಲಿ ಇಂಗ್ಲೆಂಡಿನ ನಾರಿಷ್ ಮತ್ತು ಪೋರ್ಟರ್ ಒಂದು ಮಿಂಚುದೀಪದಿಂದ ಅಣುಗಳನ್ನು ಕೆರಳಿಸಿ, ತುಸು ತಡೆದು ಇನ್ನೊಂದರಿಂದ ಅವುಗಳ ರೋಹಿತವನ್ನು ಹಿಡಿಯುವ ಮಾರ್ಗವನ್ನು ತೋರಿದರು. 1967ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ದೊರೆಯಿತು. ಇಂದಿನ ಪ್ರಯೋಗದ ತಿರುಳೂ ಅದೇ, ಮಿಂಚುದೀಪದ ಜಾಗದಲ್ಲಿ ಫೆಮ್ಟೋಸೆಕೆಂಡು ಲೇಸರು ಬಂದಿದೆ. ಈ ದಾರಿಯಲ್ಲಿ ರಾಸಾಯನಿಕ ಬಂಧಗಳು ಮುರಿಯುವುದನ್ನು ಹಿಂಬಾಲಿಸಿದ ಅಹಮದ್ ಜಿವೇಲ್ ಅವರಿಗೆ 1999ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಇಷ್ಟು ಸೂಕ್ಷ್ಮವಾದ ಕಾಲವನ್ನು ಅಳೆಯುವ ಗಡಿಯಾರ ಯಾವುದು ಎಂದು ಓದುಗರು ಕೇಳಬಹುದು. ಗಡಿಯಾರವಿಲ್ಲ, ಅಳತೆಪಟ್ಟಿಯಿದೆ. ಬೆಳಕು ಒಂದು ಪಿಕೋಸೆಕೆಂಡಿನಲ್ಲಿ, ಅಂದರೆ 1000 ಫೆಮ್ಟೋಸೆಕೆಂಡಿನಲ್ಲಿ, ಮಿಲಿಮೀಟರಿನ ಹತ್ತನೆಯ ಮೂರು ಭಾಗದಷ್ಟು ದೂರ ಹೋಗುತ್ತದೆ. ಒಂದೇ ಮಿಡಿತವನ್ನು ಎರಡಾಗಿ ಒಡೆದು, ಒಂದರಿಂದ ಅಣುವನ್ನು ಕೆರಳಿಸಿ, ಇನ್ನೊಂದನ್ನು ಕನ್ನಡಿಗಳ ಸುತ್ತುದಾರಿಯಲ್ಲಿ ಕಳುಹಿಸಿದರೆ ತಡವಾಗಿ ಬಂದ ಆ ಮಿಡಿತವು ಅಣುವಿನ ಸ್ಥಿತಿಯನ್ನು ವರದಿ ಮಾಡುತ್ತದೆ. ಕನ್ನಡಿಯನ್ನು ಮಿಲಿಮೀಟರಿನ ನೂರನೆಯ 15 ಭಾಗದಷ್ಟು ಹಿಂದಕ್ಕೆ ಸರಿಸಿದರೆ, ಹೋಗಿ ಬರುವ ದಾರಿ ಸೇರಿ, ಒಂದು ಪಿಕೋಸೆಕೆಂಡು ತಡವಾಗುತ್ತದೆ. ನೆಲಮಟ್ಟ ಖಾಲಿಯಾಗಿದ್ದರೆ ಹೊರಬರುವ ಬೆಳಕು ಹೆಚ್ಚುತ್ತದೆ. ಮೇಲಿನ ಅಂತಸ್ತಿನಿಂದ ಹೀರಿಕೆ ನಡೆಯುತ್ತಿದ್ದರೆ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತ ಎಷ್ಟು ಬೇಗ ಅಳಿಸಿಹೋಗುತ್ತದೆ ಎಂಬುದೇ ಆಯಸ್ಸು.

ಹೀಗೆ ತಿಳಿದುಬಂದ ಸಂಗತಿಗಳಲ್ಲಿ ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣದ ಕಥೆ ಸ್ವಾರಸ್ಯವಾಗಿದೆ. ಗಾಯಕ್ಕೆ ಹಚ್ಚುತ್ತಿದ್ದ ಜೆನ್ಷಿಯನ್ ವಯಲೆಟ್ ಇದರ ದಾಯಾದಿ. ರೋಡಮೀನ್ ಹೀರಿದ ಫೋಟಾನುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಬೆಳಕಾಗಿ ಹಿಂತಿರುಗಿಸಿದರೆ, ನೀರಿನಲ್ಲಿ ಕರಗಿದ ಮ್ಯಾಲಕೈಟ್ ಗ್ರೀನ್ ಹತ್ತು ಸಾವಿರಕ್ಕೆ ಒಂದನ್ನೂ ಹಿಂತಿರುಗಿಸುವುದಿಲ್ಲ. ರೋಡಮೀನಿನ ಉಂಗುರಗಳು ಆಮ್ಲಜನಕದ ಸೇತುವೆಯಿಂದ ಬಿಗಿದುಕೊಂಡಿವೆ. ಮ್ಯಾಲಕೈಟ್ ಗ್ರೀನಿನ ಉಂಗುರಗಳು ಗಾಳಿಪಟದ ರೆಕ್ಕೆಗಳಂತೆ ಸಡಿಲ. ಫೋಟಾನನ್ನು ಹೀರಿದೊಡನೆ ತಿರುಚಿಕೊಂಡು ಒಂದು ಪಿಕೋಸೆಕೆಂಡಿನ ಆಸುಪಾಸಿನಲ್ಲಿ ಶಕ್ತಿಯನ್ನೆಲ್ಲ ಶಾಖವಾಗಿ ಚೆಲ್ಲಿಬಿಡುತ್ತವೆ. ನೀರಿನ ಬದಲು ಮಂದವಾದ ಗ್ಲಿಸರಿನ್ನಿನಲ್ಲಿ ಕರಗಿಸಿದರೆ ತಿರುಚುವುದು ಕಷ್ಟವಾಗಿ ಆಯಸ್ಸು ಬೆಳೆಯುತ್ತದೆ. ಇದಕ್ಕೆ ವಿರುದ್ಧವಾದ ಇನ್ನೊಂದು ಮಾದರಿ ಕಣ್ಣಿನ ವೈದ್ಯರು ಕಾರ್ನಿಯಾ ಪರೀಕ್ಷೆಗೆ ಬಳಸುವ ರೋಸ್ ಬೆಂಗಾಲ್. ಅದರಲ್ಲಿರುವ ಭಾರವಾದ ಅಯೋಡಿನ್ ಪರಮಾಣುಗಳು ಗಿರಕಿಯನ್ನು ತಿರುಗಿಸಲು ನೆರವಾಗುವುದರಿಂದ, ನೀರಿನಲ್ಲಿ ಅದು ನೂರು ಪಿಕೋಸೆಕೆಂಡಿನ ಆಸುಪಾಸಿನಲ್ಲಿಯೇ ತ್ರಿಕಕ್ಕೆ ಜಾರುತ್ತದೆ.

ನಮ್ಮ ದೇಶದಲ್ಲಿ ಈ ಬಗೆಯ ಕೆಲಸಕ್ಕೆ ಹಲವು ನೆಲೆಗಳಿವೆ. ಮದ್ರಾಸ್ ವಿಶ್ವವಿದ್ಯಾನಿಲಯದ ಅತಿಕ್ಷಿಪ್ರ ಪ್ರಕ್ರಿಯೆಗಳ ರಾಷ್ಟ್ರೀಯ ಕೇಂದ್ರವು ಚೆನ್ನೈನ ತರಮಣಿಯಲ್ಲಿ ಸ್ಥಾಪಿತವಾಯಿತು. ಹೈದರಾಬಾದ್ ವಿಶ್ವವಿದ್ಯಾನಿಲಯ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆ ಇವುಗಳಲ್ಲಿ ಫೆಮ್ಟೋಸೆಕೆಂಡು ಲೇಸರುಗಳಿಂದ ಸಂಶೋಧನೆ ನಡೆದಿದೆ. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನ ಕೇಂದ್ರಕ್ಕೆ ವರ್ಣಕ ಲೇಸರುಗಳ ದೀರ್ಘ ಅನುಭವವಿದೆ.

ಕಣ್ಣಿನ ಪ್ರಶ್ನೆ

ವಿಲೋಮ ಪರ್ಯಾಪ್ತ ಹೀರಿಕೆಯ ಸಂಶೋಧನೆಗೆ ಹಣ ಹರಿದುಬಂದಿರುವುದಕ್ಕೆ ಮುಖ್ಯ ಕಾರಣ ಕಣ್ಣಿನ ರಕ್ಷಣೆ. ದೃಗ್ಗೋಚರ ಲೇಸರ್ ಕಿರಣವೊಂದು ಕಣ್ಣನ್ನು ಹೊಕ್ಕರೆ, ಕಣ್ಣಿನ ಮಸೂರವು ಅದನ್ನು ಅಕ್ಷಿಪಟದ ಮೇಲೆ ಕೂಡಿಸಿ ತೀವ್ರತೆಯನ್ನು ಸುಮಾರು ಒಂದು ಲಕ್ಷ ಪಟ್ಟು ಹೆಚ್ಚಿಸುತ್ತದೆ. ರೆಪ್ಪೆ ಮುಚ್ಚಲು ಸೆಕೆಂಡಿನ ನಾಲ್ಕನೆಯ ಒಂದು ಭಾಗ ಬೇಕು. ನ್ಯಾನೊಸೆಕೆಂಡು ಮಿಡಿತದ ಕೆಲಸ ಅಷ್ಟರಲ್ಲಿ ಕೋಟಿಗಟ್ಟಲೆ ಬಾರಿ ಮುಗಿದುಹೋಗಬಹುದು, ಅಕ್ಷಿಪಟದ ಸುಟ್ಟ ಭಾಗ ಮತ್ತೆ ಬೆಳೆಯುವುದಿಲ್ಲ. ಮಂದ ಬೆಳಕಿನಲ್ಲಿ ಪಾರದರ್ಶಕವಾಗಿದ್ದು ಅಪಾಯದ ಕ್ಷಣದಲ್ಲಿ ತಾನಾಗಿ ಕಪ್ಪಾಗುವ ಗಾಜು ಆದರ್ಶವೇ ಸರಿ. ಥಾಲೋಸಯನೀನುಗಳನ್ನೂ, 1992ರಿಂದ ಈಚೆಗೆ ಅರುವತ್ತು ಇಂಗಾಲದ ಚೆಂಡಿನಾಕಾರದ ಫುಲ್ಲರೀನನ್ನೂ ಈ ಉದ್ದೇಶಕ್ಕೆ ಪರೀಕ್ಷಿಸಿದ್ದಾರೆ. ಎಲ್ಲ ಬಣ್ಣಗಳಿಗೂ ಎಲ್ಲ ಅವಧಿಯ ಮಿಡಿತಗಳಿಗೂ ಒಂದೇ ವಸ್ತು ಸಾಲದು. ತೀವ್ರ ಬೆಳಕಿನಲ್ಲಿ ವರ್ಣಕವೇ ಕ್ರಮೇಣ ನಾಶವಾಗುವ ತೊಡಕೂ ಇದೆ.

ಆದ್ದರಿಂದ ಪ್ರಯೋಗಾಲಯಗಳಲ್ಲಿ ಇಂದಿಗೂ ನಿರ್ದಿಷ್ಟ ತರಂಗದೂರವನ್ನು ತಡೆಯುವ ಕನ್ನಡಕಗಳೇ ಬಳಕೆಯಲ್ಲಿವೆ. ಬಿಸಿಲಿಗೆ ಹಾಕುವ ಕಪ್ಪು ಕನ್ನಡಕದಿಂದ ಲೇಸರಿನ ಮುಂದೆ ಯಾವ ರಕ್ಷಣೆಯೂ ಇಲ್ಲ. ಲೇಸರಿನ ಕನ್ನಡಕದ ಚೌಕಟ್ಟಿನ ಮೇಲೆ ತರಂಗದೂರವನ್ನೂ ದ್ಯುತಿಸಾಂದ್ರತೆಯನ್ನೂ ಮುದ್ರಿಸಿರುತ್ತಾರೆ. ಸಾಂದ್ರತೆ 5 ಎಂದರೆ ಬಂದ ಬೆಳಕಿನಲ್ಲಿ ಒಂದು ಲಕ್ಷದ ಒಂದು ಪಾಲು ಮಾತ್ರ ಒಳಗೆ ಹೋಗುತ್ತದೆ. ಇದು ಲ್ಯಾಂಬರ್ಟ್-ಬಿಯರ್ ನಿಯಮದ ಲೆಕ್ಕ. ಆದರೆ ಅನೇಕ ಕನ್ನಡಕಗಳಲ್ಲಿ ಬೆಳಕನ್ನು ತಡೆಯುವುದು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿದ ಸಾವಯವ ವರ್ಣಕವೇ, ಅತಿ ತೀವ್ರ ಮಿಡಿತದಲ್ಲಿ ಅದೂ ಪರ್ಯಾಪ್ತವಾಗಿ ಬಾಗಿಲು ತೆರೆಯಬಹುದು. ಮಂದ ಬೆಳಕಿನಲ್ಲಿ ಅಳೆದ ಸಂಖ್ಯೆಯನ್ನು ನಂಬಿ ಫೆಮ್ಟೋಸೆಕೆಂಡು ಲೇಸರಿನ ಮುಂದೆ ನಿಲ್ಲುವಂತಿಲ್ಲ. ಯುರೋಪಿನ ಮಾನಕವಾದ ಇಎನ್ 207ರ ಪ್ರಕಾರ ಪರೀಕ್ಷಿಸಿದ ಕನ್ನಡಕದ ಮೇಲೆ ತರಂಗದೂರದೊಡನೆ ಒಂದು ಅಕ್ಷರವೂ ಇರುತ್ತದೆ: ಎಡೆಬಿಡದೆ ಹರಿಯುವ ಕಿರಣಕ್ಕೆ ಡಿ, ಸಾಮಾನ್ಯ ಮಿಡಿತಕ್ಕೆ ಐ, ದೈತ್ಯ ಮಿಡಿತಕ್ಕೆ ಆರ್, ಪಿಕೋಸೆಕೆಂಡು ಮತ್ತು ಫೆಮ್ಟೋಸೆಕೆಂಡುಗಳ ಮಿಡಿತಕ್ಕೆ ಎಂ. ಎಂ ಅಕ್ಷರವಿಲ್ಲದ ಕನ್ನಡಕವನ್ನು ಫೆಮ್ಟೋಸೆಕೆಂಡು ಲೇಸರಿನ ಕೊಠಡಿಯೊಳಗೆ ಉಪಯೋಗಿಸತಕ್ಕದ್ದಲ್ಲ.